ಕಾಗೆ ಗೂಡು, ಡಕ್ಟಿನ ಪಾರಿವಾಳ, ಪಂಜರದ ಗಿಳಿ: ಕಾನೂನು ಏನು ಹೇಳುತ್ತದೆ?

ಪ್ರಶ್ನೆ: ನಮ್ಮದು ಮುಂಬಯಿಯ ಮುಲುಂಡ್ ಪೂರ್ವದಲ್ಲಿ ನಾಲ್ಕು ಮಹಡಿಯ ಹಳೇ ಸೊಸೈಟಿ. ಈ ವರ್ಷ ನಾನೇ ಸೆಕ್ರೆಟರಿ. ಟೆರೇಸ್ ಪಕ್ಕದ ಗುಲ್‌ಮೊಹರ್ ಮರದಲ್ಲಿ ಕಾಗೆ ಗೂಡು ಕಟ್ಟಿದೆ. ಬಟ್ಟೆ ಒಣಗಿಸಲು ಹೋದ ಅತ್ತೆಯವರ ತಲೆಗೆ ಎರಡು ಸಲ ಕುಕ್ಕಿದೆ. ಅವರು ಅಪಶಕುನ ಅಂತ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದಾರೆ. ಕಮಿಟಿಯವರು ಗೂಡು ಕೆಡವಿಸಿ ಅನ್ನುತ್ತಿದ್ದಾರೆ. ಇನ್ನೊಂದು ಕಡೆ, ಕಟ್ಟಡದ ಪೈಪುಗಳು ಇಳಿಯುವ ಡಕ್ಟ್ ತುಂಬ ಪಾರಿವಾಳ. ‘ಔಷಧಿ ಬೆರೆಸಿದ ಕಾಳು ಇಡೋಣ, ಎರಡು ದಿನದಲ್ಲಿ ಖಾಲಿ’ ಅಂತ ಒಬ್ಬ ಸದಸ್ಯರ ಸಲಹೆ. ಟೆಕ್ಸಾಸ್‌ನಲ್ಲಿರುವ ನನ್ನ ತಮ್ಮ, ಅಲ್ಲಿ ಪಾರಿವಾಳಕ್ಕೆ ಕಾನೂನಿನ ರಕ್ಷಣೆಯೇ ಇಲ್ಲ ಅನ್ನುತ್ತಾನೆ. ನಮ್ಮಲ್ಲಿ ಯಾವ ಹಕ್ಕಿಯನ್ನು ಓಡಿಸಬಹುದು, ಯಾವುದನ್ನು ಮುಟ್ಟಬಾರದು, ಯಾರನ್ನು ಕೇಳಬೇಕು? ಅಂದಹಾಗೆ ನಮ್ಮ ಮನೆಯಲ್ಲಿ ಏಳು ವರ್ಷದಿಂದ ಒಂದು ಗಿಳಿ ಇದೆ. ಅದಕ್ಕೇನೂ ತೊಂದರೆ ಇಲ್ಲ ತಾನೇ?

ಉತ್ತರ: ನೀವು ಕೊನೆಯಲ್ಲಿ ‘ಅಂದಹಾಗೆ’ ಅಂತ ಸೇರಿಸಿದ್ದೀರಲ್ಲ, ಇಡೀ ಪತ್ರದಲ್ಲಿ ಭಾರವಾದ ವಿಷಯ ಅದೇ. ಆದರೆ ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಟೆರೇಸಿಗೆ ಹೋಗೋಣ, ಕಮಿಟಿಯವರು ಏಣಿ ತರುವ ಮುಂಚೆ.

ಗೂಡಿನಲ್ಲಿ ಮೊಟ್ಟೆ ಅಥವಾ ಮರಿ ಇದ್ದರೆ ಮುಟ್ಟಬೇಡಿ. ಕಾಗೆ ಕುಕ್ಕುತ್ತಿದೆ ಅಂದರೆ ಇದ್ದೇ ಇದೆ. ಮುಂಬಯಿಯಲ್ಲಿ ಊರ ಕಾಗೆ ಗೂಡು ಕಟ್ಟುವುದು ಮಳೆಗಾಲಕ್ಕೆ ಮುಂಚಿನ ಬಿಸಿಲಲ್ಲಿ. ಕಾವು ಕೊಡುವುದು ಹದಿನಾರು-ಹದಿನೇಳು ದಿನ. ಮರಿ ಗೂಡು ಬಿಡಲು ಇನ್ನು ಮೂರು-ನಾಲ್ಕು ವಾರ. ಮರಿ ಗೂಡಿನಿಂದ ಕೊಂಬೆಗೆ, ಕೊಂಬೆಯಿಂದ ಪ್ಯಾರಾಪೆಟ್‌ಗೆ ಕುಪ್ಪಳಿಸುವ ಕೊನೆಯ ಎಂಟು-ಹತ್ತು ದಿನ ತಾಯಿ-ತಂದೆಗೆ ಹುಚ್ಚು ಹಿಡಿದಂತೆ. ಆಗಲೇ ತಲೆಗೆ ಕುಕ್ಕುವುದು. ಅತ್ತೆಯವರಿಗೆ ಹೇಳಿ, ಇದರಲ್ಲಿ ಶನಿಯದ್ದೇನೂ ಇಲ್ಲ, ಬಾಣಂತಿಯ ಸಿಟ್ಟು ಅಷ್ಟೇ. ಅದು ಎರಗುವುದು ಹೆಚ್ಚಾಗಿ ಹಿಂದಿನಿಂದ. ಹಾಗಾಗಿ ಸುಮ್ನೆ ಒಂದು ಕೊಡೆ ಹಿಡಿದು ಹೋಗಲಿ. ಎರಡು-ಮೂರು ವಾರ ಬಟ್ಟೆ ಟೆರೇಸಿನ ಇನ್ನೊಂದು ಮೂಲೆಗೆ ಹೋದರೆ ಇನ್ನೂ ಒಳ್ಳೆಯದು.

ಪಕ್ಷ ಮಾಸದಲ್ಲಿ ಪಿಂಡ ಇಟ್ಟು, ಕಾಗೆ ಬಂದು ಮುಟ್ಟಲಿ ಅಂತ ಅದೇ ಟೆರೇಸಿನಲ್ಲಿ ಕೈ ಮುಗಿದು ಕಾಯುವವರು ನಾವೇ. ಮೇ ತಿಂಗಳಲ್ಲಿ ಗೂಡು ಕೆಡವಿ ಅನ್ನುವವರೂ ನಾವೇ!

ಈಗ ಕಾನೂನು. ನೀವು ಮುಖ್ಯವಾಗಿ ನೋಡಬೇಕಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರಲ್ಲಿ ‘ಬೇಟೆ’ ಅನ್ನುವ ಪದಕ್ಕೆ ಕೊಟ್ಟಿರುವ ಅರ್ಥ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಅಗಲ. ಕೋವಿ ಹಿಡಿದು ಕಾಡಿಗೆ ಹೋಗುವುದಷ್ಟೇ ಬೇಟೆಯಲ್ಲ. ಕೊಲ್ಲುವುದು, ವಿಷ ಹಾಕುವುದು, ಹಿಡಿಯುವುದು, ಬಲೆ-ಉರುಲು ಒಡ್ಡುವುದು, ಆಮಿಷ ಇಡುವುದು, ಬೆದರಿಸಿ ಅಟ್ಟುವುದು ಎಲ್ಲವೂ ಬೇಟೆಯೇ. ಹಕ್ಕಿಗಳ ಮಟ್ಟಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕೆದಕುವುದು ಕೂಡ ಬೇಟೆ ಅಂತ ಬರೆದಿದ್ದಾರೆ. ಅಂದರೆ ಕಾಯ್ದೆ ರಕ್ಷಿಸುವ ಜೀವಿಗಳ ಪಟ್ಟಿಯಲ್ಲಿರುವ ಹಕ್ಕಿಯ ಗೂಡನ್ನು ಬಿದಿರು ಕೋಲಿನಿಂದ ತಳ್ಳಿದ ವಾಚ್‌ಮನ್ ಮತ್ತು ಕಾಡಿನಲ್ಲಿ ಕೋವಿ ಹಿಡಿದವನು ಕಾನೂನಿನ ಕಣ್ಣಿಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜನರಿಗೆ ಗೊತ್ತೇ ಇಲ್ಲದ ಸಾಲು ಇದು. ಸೊಸೈಟಿಗಳು ಎಡವುವುದು ಇಲ್ಲೇ.

ಕಾಗೆಯ ಕಥೆ ಸ್ವಲ್ಪ ಬೇರೆ ಇತ್ತು. ಹಳೆಯ ಕಾಯ್ದೆಯ ಐದನೇ ಪಟ್ಟಿಯಲ್ಲಿ ಇಲಿ, ಹೆಗ್ಗಣ, ಬಾವಲಿಗಳ ಜೊತೆ ಊರ ಕಾಗೆಯನ್ನೂ ‘ಉಪದ್ರವಿ’ ಅಂತ ಸೇರಿಸಿದ್ದರು. ಅದನ್ನು ಕೊಂದರೆ ಕೇಳುವವರಿರಲಿಲ್ಲ. 2022ರಲ್ಲಿ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಆರು ಪಟ್ಟಿ ಇದ್ದದ್ದು ನಾಲ್ಕಾಯಿತು, ಉಪದ್ರವಿಗಳ ಪಟ್ಟಿಯೇ ಹೋಯಿತು. ಈಗ ಯಾವುದಾದರೂ ಪ್ರಾಣಿಯನ್ನು ಉಪದ್ರವಿ ಅನ್ನಬೇಕಾದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಯಾವ ಪ್ರದೇಶ, ಎಷ್ಟು ಕಾಲ ಅನ್ನುವುದನ್ನೂ ಅದರಲ್ಲಿ ಹೇಳಬೇಕು. ಹಿಂದೆ ಬಿಹಾರದಲ್ಲಿ ನೀಲಗಾಯಿಗೆ, ಶಿಮ್ಲಾದಲ್ಲಿ ಕೋತಿಗೆ ಮಾಡಿದ್ದರಲ್ಲ, ಹಾಗೆ. ನಿಮ್ಮ ಕಮಿಟಿಯ ಠರಾವಿಗೆ ಆ ಶಕ್ತಿ ಇಲ್ಲ.

ಇಲ್ಲೊಂದು ತಮಾಷೆ ಇದೆ. ಯಾರಾದರೂ ‘ಕಾಗೆ ತಾನೇ, ಅದಕ್ಕೇನು ಕಾನೂನು’ ಅಂತ ವಾದಕ್ಕೆ ಬಂದರೆ ನಾನು ಕೇಳುವುದು ಒಂದೇ ಪ್ರಶ್ನೆ: ಆ ಗೂಡಿನಲ್ಲಿರುವ ಮೊಟ್ಟೆ ಕಾಗೆಯದ್ದೇ ಅಂತ ಹೇಗೆ ಗೊತ್ತು? ಕೋಗಿಲೆ ಮೊಟ್ಟೆ ಇಡುವುದು ಕಾಗೆ ಗೂಡಿನಲ್ಲೇ. ಈ ತಿಂಗಳುಗಳಲ್ಲಿ ಮುಲುಂಡಿನ ಮರಗಳಲ್ಲಿ ಬೆಳಗ್ಗೆ ನಾಲ್ಕಕ್ಕೇ ಕೂಗು ಶುರು, ನಿಮಗೂ ನಿದ್ದೆ ಕೆಟ್ಟಿರುತ್ತದೆ ಅಲ್ವಾ? ಕೋಗಿಲೆಯ ಜಾತಿ ಉಪದ್ರವಿ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ. ಕಾಗೆ ಗೂಡು ಕೆಡವಲು ಹೋದವರು ಕೋಗಿಲೆ ಮೊಟ್ಟೆ ಒಡೆದು ಬರಬಹುದು.

ಮರಿಗಳು ಹಾರಿಹೋದ ಮೇಲೆ? ಖಾಲಿ ಗೂಡನ್ನು ತೆಗೆಯಬಹುದು. ಚೆಂಬೂರಿನಲ್ಲಿ ಒಮ್ಮೆ ಹಾಗೆ ಕೆಳಗಿಳಿಸಿದ ಒಂದು ಗೂಡನ್ನು ಬಿಚ್ಚಿ ನೋಡಿದ್ದೆ. ಕಡ್ಡಿಗಿಂತ ತಂತಿಯೇ ಜಾಸ್ತಿ. ಲಾಂಡ್ರಿಯ ಹ್ಯಾಂಗರ್, ಕೇಬಲ್ ಟೀವಿಯ ತುಂಡು, ಯಾವುದೋ ಕೊಡೆಯ ಎರಡು ಕಡ್ಡಿ, ಎಲ್ಲ ಹೆಣೆದು ಕೈಯಲ್ಲಿ ಬಿಡಿಸಲಾಗದಷ್ಟು ಗಟ್ಟಿ. ಮಧ್ಯದಲ್ಲಿ ಮಾತ್ರ ತೆಂಗಿನ ನಾರು, ಮೆತ್ತಗೆ, ಬಟ್ಟಲಿನಂತೆ.

ಆದರೆ ಗೂಡು ತೆಗೆಯುವ ನೆಪದಲ್ಲಿ ಮರದ ಕೊಂಬೆ ಕಡಿಸಬೇಡಿ. ಮರ ನಿಮ್ಮ ಕಾಂಪೌಂಡ್ ಒಳಗಿದ್ದರೂ 1975ರ ಮಹಾರಾಷ್ಟ್ರ ನಗರ ಮರ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ವಾರ್ಡ್ ಕಚೇರಿಯ ಉದ್ಯಾನ ವಿಭಾಗದ ಒಪ್ಪಿಗೆ ಬೇಕು. ನನಗೆ ಬೇಸರ ತರಿಸುವುದು ಏನೆಂದರೆ, ಈ ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಯುವ ಭರಾಟೆ ನಡೆಯುವುದೇ ಏಪ್ರಿಲ್-ಮೇನಲ್ಲಿ. ಗೂಡುಗಳು ತುಂಬಿರುವ ಕಾಲವೂ ಅದೇ. ಒಪ್ಪಿಗೆ ಪತ್ರ ಕೊಂಬೆಗೆ ಸಿಗುತ್ತದೆ, ಗೂಡಿಗಲ್ಲ. 2022ರಲ್ಲಿ ಕೇರಳದ ಮಲಪ್ಪುರಂನಲ್ಲಿ ಹೆದ್ದಾರಿ ಅಗಲ ಮಾಡಲು ಒಂದು ದೊಡ್ಡ ಮರ ಉರುಳಿಸಿದರು. ಮರದ ತುಂಬ ಗೂಡುಗಳಿದ್ದವು, ರಸ್ತೆ ತುಂಬ ಮರಿಗಳು ಸತ್ತುಬಿದ್ದವು. ಆ ವಿಡಿಯೋ ನೀವೂ ನೋಡಿರಬಹುದು. ಅರಣ್ಯ ಇಲಾಖೆ ವನ್ಯಜೀವಿ ಕಾಯ್ದೆಯಡಿಯೇ ಕೇಸು ಹಾಕಿತು. ಹೆದ್ದಾರಿಯ ಕೆಲಸವನ್ನೇ ಬಿಡದ ಕಾನೂನು ಸೊಸೈಟಿಯ ಗುಲ್‌ಮೊಹರನ್ನು ಬಿಡುತ್ತದೆಯೇ? ಕತ್ತರಿಸಲೇಬೇಕಾದರೆ ಮರಿಗಳು ಹಾರಿದ ಮೇಲೆ ಕತ್ತರಿಸಿ. ಅಷ್ಟರಲ್ಲಿ ಕೊಂಬೆ ಬೀಳುವ ಹಾಗಿದ್ದರೆ ಉದ್ಯಾನ ವಿಭಾಗಕ್ಕೂ ಅರಣ್ಯ ಇಲಾಖೆಗೂ ಫೋಟೋ ಸಮೇತ ಬರೆಯಿರಿ.

ಇನ್ನು ನಿಮ್ಮ ತಮ್ಮನ ಮಾತು. ಅಲ್ಲಿಗೆ ಅದು ಸರಿಯೇ. ಟೆಕ್ಸಾಸ್‌ನಲ್ಲಿ ಯುರೋಪಿನ ಸ್ಟಾರ್ಲಿಂಗ್, ಮನೆಗುಬ್ಬಿ, ಊರ ಪಾರಿವಾಳ ಇವಕ್ಕೆ ರಕ್ಷಣೆ ಇಲ್ಲ. ಮೂರೂ ಆ ನೆಲದವಲ್ಲ, ಜನರ ಜೊತೆ ಹಡಗಿನಲ್ಲಿ ಹೋದವು. ನಾಡಿನ ಹಕ್ಕಿಗಳನ್ನು ಕಾಯಲು ಅಮೆರಿಕದಲ್ಲಿ 1918ರಿಂದಲೇ ವಲಸೆ ಹಕ್ಕಿಗಳ ಕಾಯ್ದೆ ಇದೆ, ಅದು ಬಿಗಿಯಾಗಿಯೇ ಇದೆ. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಶಿಕಾರಿ ಮಾಡಬಹುದಾದ ಹಕ್ಕಿಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಉಳಿದವುಗಳಿಗೆ ಬೇರೆ ನಿಯಮ. ಅಲ್ಲಿ ಕಾಟ ಅನ್ನಿಸಿಕೊಂಡ ಅದೇ ಮನೆಗುಬ್ಬಿಗೆ ನಾವು ಇಲ್ಲಿ ಮಾರ್ಚ್ 20ರಂದು ಗುಬ್ಬಿ ದಿನ ಮಾಡಿ ರಟ್ಟಿನ ಗೂಡು ಹಂಚುತ್ತೇವೆ. ಯಾವ ಹಕ್ಕಿ ಯಾವ ನೆಲದ್ದು ಅನ್ನುವುದರ ಮೇಲೆ ಕಾನೂನು ತಿರುಗುತ್ತದೆ.

ನಮ್ಮಲ್ಲೂ ಶಿಕಾರಿಯ ಲೆಕ್ಕದಲ್ಲೇ ಕಾನೂನು ಬರೆಯುತ್ತಿದ್ದ ಕಾಲ ಇತ್ತು. ಇದೇ ಬೊಂಬಾಯಿ ರಾಜ್ಯ 1951ರಲ್ಲಿ ಕಾಡುಪ್ರಾಣಿ ಮತ್ತು ಕಾಡುಹಕ್ಕಿಗಳಿಗೆ ತನ್ನದೇ ಕಾಯ್ದೆ ಮಾಡಿತ್ತು. ಅದರ ಹಿಂದೆ ಓಡಾಡಿದವರು ಇಲ್ಲಿನ ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ. 1972ರ ಕೇಂದ್ರ ಕಾಯ್ದೆಯ ಮೊದಲ ರೂಪದಲ್ಲೂ ‘ದೊಡ್ಡ ಬೇಟೆ’, ‘ಸಣ್ಣ ಬೇಟೆ’ ಅಂತ ಪಟ್ಟಿಗಳಿದ್ದವು, ಲೈಸೆನ್ಸ್ ಸಿಗುತ್ತಿತ್ತು. 1991ರ ತಿದ್ದುಪಡಿ ಅದಕ್ಕೆ ತೆರೆ ಎಳೆಯಿತು. ಹಾಗಾಗಿ ‘ಇದು ಬೇಟೆ ಹಕ್ಕಿಯೋ ಅಲ್ಲವೋ’ ಅನ್ನುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಈಗ ಮೊದಲ ಎರಡು ಪಟ್ಟಿಯಲ್ಲಿ ಯಾವುದರಲ್ಲಿದ್ದರೂ ಬೇಟೆ ನಿಷಿದ್ಧ. ಮೊದಲ ಪಟ್ಟಿಯಲ್ಲಿ ನವಿಲಿನಂಥವು ಇವೆ. ಅವುಗಳ ತಂಟೆಗೆ ಹೋದರೆ ಕನಿಷ್ಠ ಮೂರು ವರ್ಷ, ಏಳರವರೆಗೂ ಜೈಲು. ಎರಡನೆಯದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಪಾರಿವಾಳಕ್ಕೆ ಬರೋಣ. ಪೆಸ್ಟ್ ಕಂಟ್ರೋಲ್‌ನವರು ‘ಪಾರಿವಾಳಕ್ಕೆ ಕಾನೂನೇ ಇಲ್ಲ ಮೇಡಂ’ ಅನ್ನಬಹುದು. ಅವರು ಹಿಡಿದುಕೊಂಡಿರುವುದು ಹಳೆಯ ನಾಲ್ಕನೇ ಪಟ್ಟಿಯ ಒಂದು ಸಾಲು. ಪಾರಿವಾಳದ ಜಾತಿಯನ್ನೆಲ್ಲ ಸೇರಿಸಿ, ‘ನೀಲಿ ಪಾರಿವಾಳವೊಂದನ್ನು ಬಿಟ್ಟು’ ಅಂತ ಅದರಲ್ಲಿ ಬರೆದಿದ್ದರು. 2023ರಿಂದ ಆ ಪಟ್ಟಿಯೇ ಇಲ್ಲ. ಅದನ್ನು ನೆಚ್ಚಿಕೊಂಡು ಸಹಿ ಹಾಕಬೇಡಿ. ವಿಷದ ಕಾಳಿನ ವಿಷಯದಲ್ಲಿ ನಾನು ಪಟ್ಟಿಯವರೆಗೂ ಹೋಗುವುದಿಲ್ಲ, ಅದಕ್ಕೆ ಮುಂಚೆಯೇ ಸಿಕ್ಕಿಬೀಳುತ್ತೀರಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರ ದಂಡ ಇವತ್ತಿಗೂ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ, ನಗು ಬರುತ್ತದೆ. ಆದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ನಗುವಂಥದ್ದಲ್ಲ. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗ ಊನ ಮಾಡುವುದಕ್ಕೆ ಐದು ವರ್ಷದವರೆಗೆ ಶಿಕ್ಷೆ.

ಅದಕ್ಕಿಂತ ದೊಡ್ಡ ಮಾತು: ಕಾಳು ಯಾರ ಹೊಟ್ಟೆ ಸೇರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಗುಬ್ಬಿ ಇದ್ದರೆ ಗುಬ್ಬಿ ತಿನ್ನುತ್ತದೆ. ಸತ್ತ ಪಾರಿವಾಳವನ್ನು ಹದ್ದು ಎತ್ತಿಕೊಂಡು ಹೋಗುತ್ತದೆ, ಬೆಕ್ಕು ಎಳೆಯುತ್ತದೆ, ಸಾಯುತ್ತಿರುವುದನ್ನು ರಾತ್ರಿ ಗೂಬೆ ಹಿಡಿಯುತ್ತದೆ. ಹದ್ದೂ ಗೂಬೆಯೂ ವನ್ಯಜೀವಿ ಕಾಯ್ದೆಯೊಳಗಿನ ಹಕ್ಕಿಗಳು. ಆಗ ಕೇಸಿನ ತೂಕವೇ ಬೇರೆ. ಆ ಕೇಸು ಕಾಳು ಹಾಕಿದವನ ಮೇಲಷ್ಟೇ ನಿಲ್ಲುವುದಿಲ್ಲ. ಕಾಯ್ದೆಯ 58ನೇ ಕಲಂನಲ್ಲಿ ಕಂಪನಿ ಅಂದರೆ ಜನ ಸೇರಿ ಮಾಡಿಕೊಂಡ ಸಂಘವೂ ಸೇರುತ್ತದೆ. ಅದರ ವ್ಯವಹಾರ ನೋಡಿಕೊಳ್ಳುವವರೇ ಹೊಣೆ. ಅಂದರೆ ಸೊಸೈಟಿಯ ಠರಾವಿನ ಕೆಳಗೆ ಸಹಿ ಮಾಡಿದ ಸೆಕ್ರೆಟರಿ. ಸಲಹೆ ಕೊಟ್ಟ ಸದಸ್ಯರು ಅವತ್ತು ಊರಲ್ಲಿರುವುದಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ. ಅಂಟಿನ ಹಲಗೆಯೂ ಬೇಡ.

ಹಾಗಾದರೆ ಪಾರಿವಾಳಕ್ಕೆ ಏನು ಮಾಡುವುದು? ಜಾಗ ಮುಚ್ಚಬಹುದು. ಬಲೆ ಹಾಕುವುದಕ್ಕೆ, ಅಂಚಿಗೆ ಇಳಿಜಾರು ಹಲಗೆ ಬಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ, ಗೂಡು ಖಾಲಿ ಇದ್ದರೆ. ಮೊದಲು ಡಕ್ಟಿಗೆ ಟಾರ್ಚ್ ಹಿಡಿದು ಪ್ರತಿ ಮಹಡಿಯ ಪೈಪ್ ಹಿಂದೆ, ಎಸಿ ಹಿಂದೆ ನೋಡಿ. ಪಾರಿವಾಳ ಇಡುವುದು ಎರಡು ಮೊಟ್ಟೆ. ಹದಿನೆಂಟು ದಿನ ಕಾವು, ಮರಿ ಹಾರಲು ಸುಮಾರು ಐದು ವಾರ. ತೊಂದರೆ ಏನೆಂದರೆ ಇದು ವರ್ಷವಿಡೀ ಮರಿ ಮಾಡುತ್ತದೆ. ಒಂದು ಗೂಡು ಖಾಲಿ ಆಗುವಷ್ಟರಲ್ಲಿ ಪಕ್ಕದ್ದರಲ್ಲಿ ಮೊಟ್ಟೆ. ಅದಕ್ಕೇ ಇಡೀ ಡಕ್ಟಿಗೆ ಒಮ್ಮೆಗೇ ಬಲೆ ಬಿಗಿಯಲು ಹೋಗಬೇಡಿ. ಮರಿ ಹಾರಿದ ಮೂಲೆಯನ್ನು ಅದೇ ವಾರ ತೊಳೆದು ಮುಚ್ಚಿ, ಹಾಗೇ ಮುಂದಿನದಕ್ಕೆ ಹೋಗಿ. ಎರಡು-ಮೂರು ತಿಂಗಳ ಕೆಲಸ.

ನಾನು ನೋಡಿದ ಒಂದು ಕಟ್ಟಡದಲ್ಲಿ ಒಂದೇ ದಿನದಲ್ಲಿ ಡಕ್ಟ್ ಪೂರಾ ಬಲೆ ಬಿಗಿದು ಹೋಗಿದ್ದರು. ಮರಿಗಳು ಒಳಗೆ, ತಾಯಿಗಳು ಹೊರಗೆ. ನಾಲ್ಕನೇ ದಿನ ವಾಸನೆ ಶುರುವಾಯಿತು. ಬಲೆಯ ಕೆಳ ಅಂಚು ಬಿಗಿಯಾಗಿರಲಿಲ್ಲ, ಅಲ್ಲಿ ನುಸುಳಲು ಹೋದ ಒಂದು ಪಾರಿವಾಳ ಕಾಲಿಗೆ ದಾರ ಸುತ್ತಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು. ಮೂರನೇ ಮಹಡಿಯ ಅಜ್ಜಿ ಅಡುಗೆಮನೆ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದರು. ಕೊನೆಗೆ ಬಲೆ ಕತ್ತರಿಸಿ ತೆಗೆದರು, ಎರಡನೇ ಸಲ ದುಡ್ಡು ಕೊಟ್ಟು ಮತ್ತೆ ಹಾಕಿಸಿದರು. ಬಲೆ ಜೋತು ಬೀಳಬಾರದು. ತಿಂಗಳಿಗೊಮ್ಮೆ ಯಾರಾದರೂ ನೋಡಬೇಕು. ಇದನ್ನು ಕಾಂಟ್ರಾಕ್ಟಿನಲ್ಲೇ ಬರೆಸಿ. ಒಣ ಹಿಕ್ಕೆ ಗುಡಿಸಬೇಡಿ, ನೀರು ಚಿಮುಕಿಸಿ, ಮಾಸ್ಕ್ ಹಾಕಿ ತೆಗೆಯಲಿ. ಅದರ ದೂಳಿಗೆ ಶ್ವಾಸಕೋಶ ಊದಿಕೊಳ್ಳುವ ಕಾಯಿಲೆ ಕೆಲವರಿಗೆ ಬರುತ್ತದೆ. ಸಿಟ್ಟಿನಲ್ಲಿರುವ ನಿಮ್ಮ ಸದಸ್ಯರ ಭಯ ಸುಳ್ಳಲ್ಲ, ಅವರು ಹುಡುಕಿದ ದಾರಿ ತಪ್ಪು.

ಮತ್ತೆ, ನಿಮ್ಮ ಗೇಟಿನ ಬಳಿ ಯಾರಾದರೂ ದಿನಾ ಜೋಳ ಚೆಲ್ಲುತ್ತಾರಾ ನೋಡಿ. ಊಟ ಸಿಗುವವರೆಗೆ ಯಾವ ಬಲೆಯೂ ಸಾಲದು. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ಮುಂಬಯಿಯ 51 ಕಬೂತರ್‌ಖಾನೆಗಳನ್ನು, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗಗಳನ್ನು, ಮುಚ್ಚಲು ಪಾಲಿಕೆಗೆ ಹೇಳಿದಾಗ ಆದ ಗಲಾಟೆ ನೆನಪಿರಬೇಕು. ದಾದರ್‌ನದ್ದಕ್ಕೆ ತಾಡಪತ್ರಿ ಹೊದಿಸಿದರು, ಆಗಸ್ಟ್ ಮೊದಲ ವಾರ ಜನ ನುಗ್ಗಿ ಅದನ್ನು ಕಿತ್ತರು. ವಿಷಯ ಬಾಂಬೆ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೂ ಹೋಯಿತು, ಅದು ಕೈ ಹಾಕಲಿಲ್ಲ. ಆ ಜಗಳವೆಲ್ಲ ಕಾಳು ಹಾಕುವ ಮನುಷ್ಯರ ಮೇಲೆ. ಕಾಳು ಹಾಕುವುದನ್ನು ನಿಲ್ಲಿಸಲು ನೀವು ನೋಟಿಸ್ ಹಾಕಬಹುದು, ಪಾಲಿಕೆಗೆ ದೂರು ಕೊಡಬಹುದು. ಆ ಮಟ್ಟಿಗೆ ನಿಯಂತ್ರಣ ನಿಮ್ಮ ಕೈಯಲ್ಲಿದೆ.

ಯಾರನ್ನು ಕೇಳಬೇಕು ಅಂದಿರಿ. ಪಟ್ಟಿಯಲ್ಲಿರುವ ಹಕ್ಕಿ ನಿಜವಾಗಿ ಜನರ ಜೀವಕ್ಕೆ ಅಪಾಯ ಅಂತಾದರೆ ಅನುಮತಿ ಕೊಡುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್‌ಗೆ. ಅವರ ಕಚೇರಿ ನಾಗಪುರದಲ್ಲಿ. ಎರಡನೇ ಪಟ್ಟಿಯ ಹಕ್ಕಿಗಾದರೆ ಆಸ್ತಿಗೆ ಅಪಾಯವಿದ್ದರೂ ಕೇಳಬಹುದು, ಅವರು ಅಧಿಕಾರ ಕೊಟ್ಟ ಅಧಿಕಾರಿಯೂ ಸಾಕು. ತಲೆಗೆ ಕುಕ್ಕಿದ ಕಾಗೆಗೆ ನಾಗಪುರದ ಫೈಲು ಓಡಿಸುವ ಮೊದಲೇ ಮರಿಗಳು ಹಾರಿಹೋಗಿರುತ್ತವೆ, ಅದು ಬೇರೆ. ದಿನನಿತ್ಯದ ತೊಂದರೆಗೆ, ಗಾಯಗೊಂಡ ಹಕ್ಕಿಗೆ, ಅರಣ್ಯ ಇಲಾಖೆಯ ಸಹಾಯವಾಣಿ 1926.

ಈಗ ನಿಮ್ಮ ‘ಅಂದಹಾಗೆ’. ಹಸಿರು ಮೈ, ಕೆಂಪು ಕೊಕ್ಕು, ಕತ್ತಿನಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮ ಊರ ಗಿಳಿಯೇ ಆದರೆ ಅದು ಎರಡನೇ ಪಟ್ಟಿಯಲ್ಲಿದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ದೇಶದ ಹಕ್ಕಿಗಳ ಮಾರಾಟವೇ 1990-91ರಿಂದ ಬಂದ್. ‘ಮರಿಯಾಗಿದ್ದಾಗ ಬಿದ್ದಿತ್ತು, ಸಾಕಿದೆವು’ ಅನ್ನುವುದೂ ಪೂರ್ತಿ ನಿಲ್ಲುವುದಿಲ್ಲ. ಅಂಥ ಜೀವ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಅದು ಸರ್ಕಾರದ ಸೊತ್ತು. ನಾವು ‘ಲವ್ ಬರ್ಡ್ಸ್’ ಅನ್ನುವ ಪುಟಾಣಿ ಬಜರಿಗಾರ್ ಗಿಳಿಗಳು ಆಸ್ಟ್ರೇಲಿಯಾ ಮೂಲದವು, ಅವಕ್ಕೆ ಈ ಮಾತು ಬರುವುದಿಲ್ಲ. ಆಫ್ರಿಕನ್ ಗ್ರೇ, ಮಕಾವ್ ಥರದ ದೊಡ್ಡ ವಿದೇಶಿ ಗಿಳಿಗಳಿಗಾದರೆ ಈಗ ನೋಂದಣಿ ಬೇಕು.

ಹೆದರಬೇಡಿ, ಆದರೆ ಮುಂದೂಡಲೂಬೇಡಿ. ತಾವಾಗಿ ತಂದು ಒಪ್ಪಿಸಿದವರನ್ನು ಅಧಿಕಾರಿಗಳು ನೋಡುವ ರೀತಿ ಬೇರೆ, ದೂರು ಬಂದು ಮನೆ ಬಾಗಿಲಿಗೆ ಬಂದಾಗ ನೋಡುವ ರೀತಿ ಬೇರೆ. ಸೊಸೈಟಿಯಲ್ಲಿ ಪಾರಿವಾಳದ ಜಗಳ ನಡೆಯುತ್ತಿರುವಾಗ ಸೆಕ್ರೆಟರಿ ಮನೆಯ ಗಿಳಿಯ ಫೋಟೋ ಗ್ರೂಪಿಗೆ ಬೀಳಲು ಎಷ್ಟು ಹೊತ್ತು ಬೇಕು? 1926ಕ್ಕೆ ಕರೆ ಮಾಡಿ, ಎಲ್ಲಿಗೆ ತರಬೇಕು ಅಂತ ಕೇಳಿ, ಒಪ್ಪಿಸಿದ್ದಕ್ಕೆ ಬರವಣಿಗೆಯಲ್ಲಿ ಸ್ವೀಕೃತಿ ತೆಗೆದುಕೊಳ್ಳಿ.

ಒಂದು ಕೆಲಸ ಮಾತ್ರ ಮಾಡಬೇಡಿ. ‘ಪಾಪ, ಹಾರಿಹೋಗಲಿ’ ಅಂತ ಟೆರೇಸಿಗೆ ಒಯ್ದು ಪಂಜರದ ಬಾಗಿಲು ತೆಗೆಯಬೇಡಿ. ಏಳು ವರ್ಷ ಒಂದೂವರೆ ಅಡಿ ಕಂಬಿಯೊಳಗೆ ಕೂತ ರೆಕ್ಕೆಗೆ ಪಕ್ಕದ ಮರದವರೆಗೂ ಬಲ ಇರುವುದಿಲ್ಲ. ಆ ಮರದಲ್ಲಿ ಈಗ ಯಾರಿದ್ದಾರೆ ನಿಮಗೇ ಗೊತ್ತಲ್ಲ. ಪಂಜರಕ್ಕೆ ಹತ್ತಿ ಬಟ್ಟೆ ಹೊದಿಸಿ, ಬೆಳಗಿನ ತಂಪಿನಲ್ಲಿ ರಿಕ್ಷಾದಲ್ಲಿ ಒಯ್ಯಿರಿ. ಅದು ಏನು ತಿನ್ನುತ್ತದೆ, ಹಸಿಮೆಣಸೋ ನೆನೆಸಿದ ಕಡಲೆಯೋ, ಯಾವ ಹೆಸರಿಗೆ ತಿರುಗಿ ನೋಡುತ್ತದೆ ಅನ್ನುವುದನ್ನೆಲ್ಲ ಅತ್ತೆಯವರ ಹತ್ತಿರ ಕೇಳಿ ಒಂದು ಚೀಟಿಯಲ್ಲಿ ಬರೆದು ಪಂಜರಕ್ಕೆ ಕಟ್ಟಿಕೊಡಿ.